ಕೂಡ್ಲಿಗಿ ಅರ್ಥದ ಮಸ್ತ್

ರೇಣುಕಾಗೆ ಊರಿನಲ್ಲಿ ಎರಡು ಹೆಸರು. ಶಾಲೆಯ ದಾಖಲೆಯಲ್ಲಿರುವುದು ರೇಣುಕಾ, ಜನರ ಬಾಯಲ್ಲಿರುವುದು ಪಾರ್ಸಿ ರೇಣಿ. ಎರಡನೆಯದನ್ನು ಇಟ್ಟವರು ಅಕ್ಕರೆಯಿಂದ ಇಟ್ಟದ್ದಲ್ಲ. ಕುರಿ ಸಾಕುವವರ ಮನೆಯ ಹುಡುಗಿ ಟೀಚರ್ ಟ್ರೇನಿಂಗಿಗೂ ಹೋಗದೆ, ನರ್ಸಿಂಗಿಗೂ ಹೋಗದೆ, ಎಲ್ಲ ಬಿಟ್ಟು ಪಾರ್ಸಿ ಭಾಷೆ ಕಲಿಯಲು ದಿಲ್ಲಿಗೆ ಹೋಗಿದ್ದಾಳೆ ಎಂಬ ಸುದ್ದಿ ಕಾನಹೊಸಹಳ್ಳಿಯ ಬಸ್ ನಿಲ್ದಾಣದ ಚಹಾದಂಗಡಿಗೆ ಬಂದಾಗ, ಅಲ್ಲಿ ಕೂತವರಿಗೆ ವಾರಕ್ಕಾಗುವಷ್ಟು ನಗು ಸಿಕ್ಕಿತ್ತು. ಈಗ ಅದೇ ಅಂಗಡಿಯಲ್ಲಿ ಆ ಹೆಸರು ಬಂದರೆ ಜನ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ. ಅವಳನ್ನು ಹೊಗಳುವವರಲ್ಲಿ ಅವತ್ತು ನಕ್ಕವರೇ ಹೆಚ್ಚು. ನಕ್ಕದ್ದನ್ನು ಎತ್ತಿದರೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಕೂಡ್ಲಿಗಿ ತಾಲೂಕಿನ ಕಾನಹೊಸಹಳ್ಳಿಯಿಂದ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಸಿಗುವ ಸಣ್ಣ ಹಳ್ಳಿ ಅವಳದು. ಅಪ್ಪ ಗಾದೆಪ್ಪ, ಅವ್ವ ದ್ಯಾಮಕ್ಕ, ತಮ್ಮ ಕಾಂತೇಶ್, ಮತ್ತೆ ಹಟ್ಟಿ ತುಂಬ ಕುರಿ. ಗಾದೆಪ್ಪನದು ಮಾತು ಕಡಿಮೆ. ಆ ಕೊರತೆಯನ್ನು ದ್ಯಾಮಕ್ಕ ಬಡ್ಡಿ ಸಮೇತ ತುಂಬಿಕೊಡುತ್ತಿದ್ದಳು. ಮನಸ್ಸಿಗೆ ಹಿಡಿಸಿದ್ದೆಲ್ಲ ಅವಳಿಗೆ ಮಸ್ತ್: ಸಾರು ಮಸ್ತ್, ಸೀರೆ ಮಸ್ತ್, ಹಟ್ಟಿಯಲ್ಲಿ ಆಗ ತಾನೇ ಹುಟ್ಟಿ ಕಾಲೂರಲು ಒದ್ದಾಡುತ್ತಿರುವ ಮರಿಯೂ ಮಸ್ತ್. ಇದರಲ್ಲಿ ವಿಶೇಷವೇನಿಲ್ಲ, ಆ ಸೀಮೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ.

ಹತ್ತನೇ ತರಗತಿ ದಾಟಿದ ಮೇಲೆ ರೇಣುಕಾ ಕೊಟ್ಟೂರಿನ ಹುಡುಗಿಯರ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಳು. ಒಂದು ದಿನ ಗಾದೆಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಾಸ್ಟೆಲಿನ ಬಾಗಿಲಿಗೆ ಬಂದು ನಿಂತ. ಅವನ ಕೈಯಲ್ಲಿ ಕಚೇರಿಯಿಂದ ಬಂದ ನೋಟೀಸಿತ್ತು. ಕುರಿ ಮೇಯಿಸುವ ಗೋಮಾಳದ ವಿಷಯಕ್ಕೆ ಯಾರೋ ಅರ್ಜಿ ಹಾಕಿದ್ದರು. ಮೇವಿನ ಜಾಗ ಹೋದರೆ ಕುರಿ ಹೋದಂತೆ, ಕುರಿ ಹೋದರೆ ಮನೆಯೇ ಹೋದಂತೆ. ಅವನ ಮುಖ ಬಾಡಿತ್ತು.

“ಇದರಾಗ ಏನ್ ಬರ್ದಾರ ಓದವ್ವ,” ಎಂದ.

ರೇಣುಕಾ ಓದಿದಳು. ಅಕ್ಷರಗಳೆಲ್ಲ ಕನ್ನಡವೇ. ಆದರೆ ತಕರಾರು, ದರಖಾಸ್ತು, ಮುಚ್ಚಳಿಕೆ, ಜಮಾಬಂದಿ ಎಂಬ ಮಾತುಗಳು ಒಂದರ ಹಿಂದೊಂದು ಬಂದು ಅವಳ ಬಾಯಿ ಕಟ್ಟಿದವು. ಇಷ್ಟು ವರ್ಷ ಓದಿಸಿದ ಮಗಳು ಒಂದು ಹಾಳೆ ಓದಿ ಹೇಳಲಾರದೆ ನಿಂತದ್ದನ್ನು ಅಪ್ಪ ನೋಡಿದ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೊನೆಗೆ ವಾರ್ಡನ್ ಶಾಂತಕುಮಾರಿ ಮೇಡಂ, “ಹಿಂದಿನ ಓಣಿಯಾಗ ಹೊನ್ನೂರಸಾಬ್ ಮೇಷ್ಟ್ರು ಅದಾರ. ಅವ್ರ ಕಡಿಗಿ ಹೋಗ್ರಿ. ಕಚೇರಿ ಕನ್ನಡ ಅವ್ರಿಗಿ ಬರ್ತೈತಿ,” ಎಂದು ಕಳಿಸಿದರು.

ಹೊನ್ನೂರಸಾಬ್ ಉರ್ದು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಪಾರ್ಸಿಯನ್ನೂ ಓದಿಕೊಂಡವರು. ಜಗುಲಿಯ ಮೇಲೆ ಕೂತು ಕನ್ನಡಕವನ್ನು ಲುಂಗಿಯ ಅಂಚಿನಿಂದ ಒರೆಸಿ, ಹಾಳೆಯನ್ನು ಒಂದೇ ಉಸಿರಿಗೆ ಓದಿ, “ಗಾದೆಪ್ಪ, ನಿನ್ನ ಗೋಮಾಳ ಎಲ್ಲಿಗೂ ಹೋಗಿಲ್ಲ. ಯಾರೋ ತಕರಾರು ತಗದಾರ, ನೀನೂ ಬಂದು ನಿನ್ನ ಮಾತು ಹೇಳು ಅಂದಾರ, ಅಷ್ಟ,” ಎಂದರು. ಗಾದೆಪ್ಪನ ಜೀವ ತಣ್ಣಗಾಯಿತು. ಅವನು ಹೊರಡಲು ಎದ್ದ. ರೇಣುಕಾ ಏಳಲಿಲ್ಲ.

“ಮೇಷ್ಟ್ರೆ, ಈ ಮಾತು ಯಾವ ಊರವು?” ಎಂದು ಕೇಳಿದಳು.

ಮೇಷ್ಟ್ರು ಅವಳನ್ನು ಹೊಸದಾಗಿ ನೋಡಿದರು. ಅಷ್ಟು ವರ್ಷ ಪಾಠ ಹೇಳಿದರೂ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಪಾರ್ಸಿ ದೇಶದವು ಅವ್ವ. ಬಾಳ ದೂರದಿಂದ ನಡ್ಕೊಂತ ಬಂದಾವು.”

“ಇದ್ದಂಗ ಬಂದ್ವೇನ್ರಿ?”

“ಅಷ್ಟು ದೂರ ನಡದ್ರ ನೀನಾದ್ರೂ ಇದ್ದಂಗ ಇರ್ತಿಯೇನು? ಈಗ ತಕರಾರು ತಗೋ. ಪಾರ್ಸಿಯೊಳಗ ತಕರಾರು ಅಂದ್ರ ಅಂದದ್ದನ್ನ ಮತ್ತ ಅನ್ನೂದು. ನಮ್ಮೋರು ಅಂದದ್ದ ಅಂದು, ಅಂದದ್ದ ಅಂದು, ಕಡೀಗಿ ಜಗಳಾನ ಮಾಡಿಬಿಟ್ರು.”

ರೇಣುಕಾ ನಕ್ಕಳು. ಅವತ್ತು ಹಿಡಿದ ಹುಚ್ಚು ಬಿಡಲಿಲ್ಲ. ಕಾಲೇಜು ಮುಗಿದ ಮೇಲೆ ದಿನಾ ಸಂಜೆ ಮೇಷ್ಟ್ರ ಜಗುಲಿಗೆ ಹೋದಳು. ನೆಟ್ಟಗೆ ನಿಂತ ಅಲಿಫ್ ಅಕ್ಷರ ಹೇಳಿಕೊಡುವಾಗ ಮೇಷ್ಟ್ರು, “ಇದು ನಿಮ್ಮಪ್ಪನ ಕೋಲು,” ಎಂದರು. ತುದಿ ಬಾಗಿದ ಲಾಮ್ ಬಂದಾಗ, “ಇದು ಕುರಿ ಕಾಲಿಗಿ ಹಾಕೋ ಕೊಕ್ಕಿ ಕೋಲು,” ಎಂದರು. ಹೀಗೆ ಕುರಿ ಕಾಯುವ ಲೆಕ್ಕದಲ್ಲೇ ಅವಳು ಪಾರ್ಸಿ ಕಲಿತಳು. ಬಳ್ಳಾರಿಯಲ್ಲಿ ಬಿ.ಎ. ಓದುವಾಗಲೂ ರಜೆಗೆ ಊರಿಗೆ ಬಂದರೆ ಅರ್ಧ ರಜೆ ಕೊಟ್ಟೂರಿನಲ್ಲೇ ಕಳೆಯುತ್ತಿತ್ತು.

ದಿಲ್ಲಿಯಲ್ಲಿ ಪಾರ್ಸಿ ಎಂ.ಎ.ಗೆ ಸೀಟು ಸಿಕ್ಕಿದ ದಿನ ದ್ಯಾಮಕ್ಕ ಒಲೆಯ ಮುಂದೆ ಕೂತು ಊರಿಗೆಲ್ಲ ಕೇಳುವಂತೆ ಬೈದಳು. “ಪಾರ್ಸಿ ಓದಿ ಏನ್ ಮಾಡ್ತಿ? ಕುರಿಗೆ ಹಾಡಾಡ್ತಿಯೇನು?” ಎಂದಳು. ಗಾದೆಪ್ಪ ಬಹಳ ಹೊತ್ತು ಬೀಡಿ ಸೇದಿ, “ಹೊಸ ಹುಲ್ಲು ಕಂಡ ಕುರಿ ಹಿಂದಕ ಬರಾಂಗಿಲ್ಲ. ಹೋಗ್ಲಿ ಬಿಡು,” ಎಂದ. ಅವನ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದೇ ಅಪರೂಪ. ಮರುದಿನ ದ್ಯಾಮಕ್ಕ ಬುತ್ತಿ ಕಟ್ಟುವಾಗ ಶೇಂಗಾ ಚಟ್ನಿಯನ್ನು ದಿಲ್ಲಿಯವರಿಗೆಲ್ಲ ಆಗುವಷ್ಟು ಕಟ್ಟಿದಳು.

ದಿಲ್ಲಿಯ ದಿನಗಳೇನೂ ಹೂವಿನ ಹಾಸಿಗೆಯಾಗಿರಲಿಲ್ಲ. ತರಗತಿಯಲ್ಲಿದ್ದವರಲ್ಲಿ ಮನೆಯಲ್ಲೇ ಪಾರ್ಸಿ ಕೇಳಿ ಬೆಳೆದವರಿದ್ದರು, ಅಜ್ಜನ ಕಾಲದ ಪುಸ್ತಕದ ಕಪಾಟು ಇದ್ದವರಿದ್ದರು. ರೇಣುಕಾ ಬಾಯಿ ತೆರೆದರೆ ಕೊಟ್ಟೂರಿನ ಜಗುಲಿ ಕೇಳಿಸುತ್ತಿತ್ತು. ಮೊದಲ ವರ್ಷ ನಕ್ಕರು. ಎರಡನೇ ವರ್ಷ ಅವಳ ಟಿಪ್ಪಣಿ ಕೇಳಿ ತೆಗೆದುಕೊಂಡು ಹೋದರು. ಆಮೇಲೆ ದಖ್ಖನಿನ ಸುಲ್ತಾನರ ಕಾಲದ ಪಾರ್ಸಿ ಕವಿತೆಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರ್ ರೇಣುಕಾ ಆದಳು. ಈ ಸುದ್ದಿ ಊರಿಗೆ ಬಂದಾಗ ಮೊಣಕಾಲು ನೋವಿನವರು ಇಬ್ಬರು ದ್ಯಾಮಕ್ಕನ ಮನೆಗೆ ಬಂದು, ಮಗಳು ಯಾವಾಗ ಬರುತ್ತಾಳೆ ಎಂದು ವಿಚಾರಿಸಿಕೊಂಡು ಹೋದರು.

ಪಾರ್ಸಿ ಪಂಡಿತೆಗೆ ಕೆಲಸ ಕೊಡುವ ಕಾಲೇಜು ಸುಲಭಕ್ಕೆ ಸಿಗಲಿಲ್ಲ. ಅವಳು ಸಿವಿಲ್ ಸರ್ವೀಸ್ ಪರೀಕ್ಷೆ ಬರೆದಳು, ಒಮ್ಮೆ ಬಿದ್ದಳು, ಮತ್ತೆ ಬರೆದಳು. ಸಂದರ್ಶನದಲ್ಲಿ ಒಬ್ಬ ಹಿರಿಯರು, “ಕುರಿ ಸಾಕುವ ಮನೆತನ, ಪಾರ್ಸಿ ಯಾಕೆ ಓದಿದಿರಿ?” ಎಂದು ಕೇಳಿದರು. “ನಮ್ಮಪ್ಪನ ಗೋಮಾಳದ ತಕರಾರಿನಿಂದ,” ಎಂದು ಆ ಕಥೆಯನ್ನೇ ಹೇಳಿದಳು. ಅವರು ಅದನ್ನು ಮನಸಾರೆ ಕೇಳಿದರು. ವಿದೇಶಾಂಗ ಸೇವೆ ಸಿಕ್ಕಿತು. ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದ ಮೇಲೆ, ಕೊನೆಗೂ ಪಾರ್ಸಿ ಆಡುವ ನೆಲಕ್ಕೆ, ನಮ್ಮ ದೇಶದ ರಾಯಭಾರ ಕಚೇರಿಯ ಅಧಿಕಾರಿಯಾಗಿ ಹೋದಳು. ಆ ದೇಶದ ಹೆಸರು ಇಲ್ಲಿ ಬೇಡ. ಅಲ್ಲಿನವರು ಸಜ್ಜನರು, ಸುಮ್ಮನೆ ಅವರ ಮನಸ್ಸು ನೋಯಿಸುವುದೇಕೆ.

ಅಲ್ಲಿ ಅವಳ ಮೇಲಧಿಕಾರಿ ಕೆಟ್ಟವರಲ್ಲ, ಆದರೆ ಕವಿತೆ ಓದಿದವರಿಂದ ಕೆಲಸ ಆಗುತ್ತದೆ ಎಂದು ನಂಬಿದವರೂ ಅಲ್ಲ. ಅತಿಥಿಗಳು ಬಂದಾಗ ಪಾರ್ಸಿಯಲ್ಲಿ ಸ್ವಾಗತ ಭಾಷಣ ಮಾಡುವುದಕ್ಕೆ ರೇಣುಕಾ, ಕಷ್ಟದ ಮಾತುಕತೆಗೆ ಬೇರೆಯವರು. ಹೀಗೆ ನಡೆಯುತ್ತಿತ್ತು. ಹಡಗಿನ ಪ್ರಕರಣ ಅವಳ ಕೈಗೆ ಬಂದದ್ದೂ ಅದನ್ನು ನೋಡಿಕೊಳ್ಳುತ್ತಿದ್ದವರು ವರ್ಗವಾಗಿ ಹೋದರೆಂಬ ಕಾರಣಕ್ಕೆ ಮಾತ್ರ.

ಪ್ರಕರಣ ಇಷ್ಟು. ನಮ್ಮ ದೇಶದ ಒಂಬತ್ತು ಜನರಿದ್ದ ಸರಕು ಹಡಗೊಂದು ಆ ದೇಶದ ಬಂದರಿಗೆ ಬರುವಾಗ ನೇರವಾಗಿ ಕಟ್ಟೆಗೆ ಗುದ್ದಿತ್ತು. ಅಲ್ಲಿ ಕಟ್ಟಿದ್ದ ಎರಡು ದೋಣಿ ನುಚ್ಚುನೂರಾದವು, ಒಬ್ಬ ಕಾವಲುಗಾರನ ಕಾಲು ಮುರಿಯಿತು. ಚುಕ್ಕಾಣಿ ಸಿಕ್ಕಿಹಾಕಿಕೊಂಡಿತ್ತು ಎಂದು ಕ್ಯಾಪ್ಟನ್ ಹೇಳಿದ. ಕ್ಯಾಪ್ಟನ್ ಕುಡಿದಿದ್ದ ಎಂದು ಬಂದರಿನವರು ಹೇಳಿದರು. ಕುಡಿತ ಆ ದೇಶದಲ್ಲಿ ದೊಡ್ಡ ಅಪರಾಧ. ವೈದ್ಯರ ಪರೀಕ್ಷೆ ಆಗುವಷ್ಟರಲ್ಲಿ ಎರಡು ದಿನ ಕಳೆದಿದ್ದರಿಂದ ಅದರಿಂದ ಏನೂ ತಿಳಿಯಲಿಲ್ಲ. ಆದರೆ ಕ್ಯಾಪ್ಟನ್ನಿನ ವಿರುದ್ಧ ಗಟ್ಟಿ ಸಾಕ್ಷಿ ಒಂದಿತ್ತು: ಅವನ ಹಡಗಿನ ಒಬ್ಬ ನೌಕರನೇ, ಗುದ್ದಿದ ಗಳಿಗೆಯಲ್ಲಿ, ಕ್ಯಾಪ್ಟನ್ ಕುಡಿದಿದ್ದಾನೆ ಎಂದು ಪೊಲೀಸರೆದುರು ಹೇಳಿದ್ದ. ತಿಂಗಳುಗಟ್ಟಲೆ ಒಂಬತ್ತೂ ಜನ ಬಂದರಿನ ಹಳೆಯ ವಸತಿಗೃಹದಲ್ಲಿ ಕಾವಲಿನೊಳಗೆ ಕೊಳೆಯುತ್ತಿದ್ದರು. ಇನ್ನೊಂದು ವಿಚಾರಣೆ ಉಳಿದಿತ್ತು. ಅದರಲ್ಲಿ ಅಪರಾಧ ನಿಂತರೆ ಕ್ಯಾಪ್ಟನ್ನಿಗೆ ವರ್ಷಗಟ್ಟಲೆ ಜೈಲು, ಮುಚ್ಚಿಟ್ಟರೆಂದು ಉಳಿದವರಿಗೂ ಶಿಕ್ಷೆ.

ರೇಣುಕಾ ಅವರನ್ನು ನೋಡಲು ಹೋದಳು. ಒಡಿಶಾ ಕಡೆಯ ಕ್ಯಾಪ್ಟನ್, ಅರ್ಧ ತಲೆ ಬೆಳ್ಳಗಾದ ಸೌಮ್ಯ ಮನುಷ್ಯ, ಏಳು ಜನರ ನಡುವೆ ಕೂತಿದ್ದ. ಒಬ್ಬ ಮಾತ್ರ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನೊಂದಿಗೆ ಯಾರೂ ಮಾತಾಡುವುದಿಲ್ಲ, ತಟ್ಟೆಯನ್ನೂ ಕಾಲಿಂದ ತಳ್ಳುತ್ತಾರೆ ಎಂದು ಕಾವಲಿನವನೇ ಹೇಳಿದ. ಕ್ಯಾಪ್ಟನ್ ಕುಡಿದಿದ್ದಾನೆ ಎಂಬ ಮಾತು ಆಡಿದವನು ಅವನೇ. ಹೆಸರು ಮಾರೇಶ್, ಹಡಗಿನಲ್ಲಿ ಹಗ್ಗ ಎಳೆಯುವ, ಡೆಕ್ ತೊಳೆಯುವ ಕೆಲಸ. ಅವನ ಪಾಸ್‌ಪೋರ್ಟ್ ತೆಗೆದು ನೋಡಿದ ರೇಣುಕಾಳ ಕಣ್ಣು ಊರಿನ ಹೆಸರಿನ ಮೇಲೆ ನಿಂತಿತು.

“ಹೊಳಲು ಅಂದ್ರ ಹಡಗಲಿ ತಾಲೂಕಿನ ಹೊಳಲೇನು?” ಎಂದಳು.

ಮಾರೇಶ್ ಸರಕ್ಕನೆ ತಿರುಗಿದ. ತಿಂಗಳುಗಳಿಂದ ಅವನ ಕಿವಿಗೆ ಕನ್ನಡ ಬಿದ್ದಿರಲಿಲ್ಲ. “ನೀವು ಯಾ ಊರವ್ರು ಅಕ್ಕಾರ?” ಎಂದ.

“ಕಾನಹೊಸಹಳ್ಳಿ ಕಡೇಕಿ.”

ಅಷ್ಟು ದೊಡ್ಡ ಗಂಡಸು ಮುಖ ಮುಚ್ಚಿಕೊಂಡು ಅತ್ತ. ಅವಳು ಅಳುವುದಕ್ಕೆ ಬಿಟ್ಟಳು. ಆಮೇಲೆ ಹತ್ತಿರ ಕೂತು ಕೇಳಿದಳು, “ನಿಜ ಹೇಳು ತಮ್ಮ. ಅವತ್ತು ಕ್ಯಾಪ್ಟನ್ ಕುಡದಿದ್ರೇನು?”

“ಮೈಲಾರಲಿಂಗನ ಆಣಿ ಅಕ್ಕಾರ. ಅವ್ರು ಚಹಾ ಬಿಟ್ರ ಏನೂ ಮುಟ್ಟೋರಲ್ಲ. ನನ್ನ ಮಗಳಿಗಿ ಆರಾಮಿಲ್ಲ ಅಂದಾಗ ತಮ್ಮ ಕೈಯಿಂದ ರೊಕ್ಕ ಕಳಿಸಿದ ದೇವ್ರಂಥ ಮನುಷ್ಯ.”

“ಮತ್ತ ನೀನ ಅಂದಿಯಂತಲ್ಲ, ಕುಡದಾನ ಅಂತ?”

“ನಾ ಅಂದಿಲ್ರಿ. ಎಲ್ಲಾರೂ ಹಿಂಗ ಕೇಳ್ತಾರ. ಅಂದಿಲ್ಲ ಅಂದ್ರ ಸುಳ್ಳು ಹೇಳ್ತಿ ಅಂತಾರ.” ಅವನು ಮೂಗು ಒರೆಸಿಕೊಂಡ. “ಅವತ್ತು ಪೊಲೀಸ್ನೋರು ಬಂದು ‘ಕಪ್ತಾನ್, ಕಪ್ತಾನ್’ ಅಂತ ನನ್ನ ಕೇಳಿದ್ರು. ಸಾಹೇಬ್ರನ್ನ ಹಿಡ್ಕೊಂಡ್ ಹೋಗ್ತಾರ ಅಂತ ನನಗ ಹೆದರಿಕಿ. ನಮ್ಮ ಸಾಹೇಬ್ರ ಬಗ್ಗೆ ಒಂದು ಚಲೋ ಮಾತು ಹೇಳಿದ್ರ ಬಿಡ್ತಾರ ಅಂತ, ‘ಕಪ್ತಾನ್ ಮಸ್ತ್, ಕಪ್ತಾನ್ ಮಸ್ತ್’ ಅಂದೆ. ಅಷ್ಟ ಅಕ್ಕಾರ ನಾ ಅಂದದ್ದು. ಬೇರೆ ಒಂದ್ ಮಾತೂ ಅಂದಿಲ್ಲ.”

ಮಸ್ತ್ ಎಂಬ ಆ ಮಾತನ್ನು ರೇಣುಕಾ ಪಾರ್ಸಿ ಕವಿತೆಗಳಲ್ಲಿ ಸಾವಿರ ಸಲ ಓದಿದ್ದಳು. ಅಲ್ಲಿ ಮಸ್ತ್ ಅಂದರೆ ಕುಡಿದು ಅಮಲೇರಿದವನು. ಅದೇ ಮಾತನ್ನು ಅವ್ವನ ಬಾಯಲ್ಲಿ ಸಾವಿರ ಸಲ ಕೇಳಿದ್ದಳು. ಅಲ್ಲಿ ಮಸ್ತ್ ಅಂದರೆ ಮಸ್ತ್. ಎರಡೂ ಒಂದೇ ಮಾತು ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಒಬ್ಬನ ಬಾಯಿಂದ ಹೊರಟು ಇನ್ನೊಬ್ಬನ ಕಿವಿಗೆ ಬೀಳುವಷ್ಟರಲ್ಲಿ ಆ ಮಾತು ಒಂಬತ್ತು ಮನೆ ಮುಳುಗಿಸಬಲ್ಲದು ಎಂದು ಎಣಿಸಿರಲಿಲ್ಲ. ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು.

ಪ್ರಕರಣದಲ್ಲಿ ಪ್ರತಿಯೊಬ್ಬರ ಹೇಳಿಕೆಯನ್ನೂ ಹಿಂದಿ ದುಭಾಷಿ ಕೂರಿಸಿ ಅನುವಾದಿಸಿದ್ದರು. ಯಾರೂ ಅನುವಾದಿಸದೆ ಬಿಟ್ಟದ್ದು ಮಾರೇಶನ ಆ ಮಾತೊಂದೇ. ಅದು ಅವರದೇ ಭಾಷೆಯ ಮಾತು, ಅನುವಾದ ಯಾಕೆ ಬೇಕು? ನಮ್ಮ ಕಚೇರಿಗೆ ಅದು ಬಂದದ್ದು ‘ಕುಡಿದಿದ್ದಾನೆ’ ಎಂಬ ಇಂಗ್ಲಿಷ್ ವೇಷದಲ್ಲಿ. ಹಾಗಾಗಿ ಇಲ್ಲಿಯವರಿಗೂ ಅನುಮಾನ ಬರಲಿಲ್ಲ.

ಮೇಲಧಿಕಾರಿ ಅವಳ ಮಾತನ್ನು ಪೂರ್ತಿ ಕೇಳಿ ತಲೆಯಾಡಿಸಿದರು. “ನನಗೆ ನಂಬಿಕೆ ಬರುತ್ತದೆ, ಹಿಂದಿಯಲ್ಲೂ ಹಾಗೇ ಅನ್ನುತ್ತಾರೆ. ನ್ಯಾಯಾಧೀಶರಿಗೆ ಹೇಗೆ ಬರುತ್ತದೆ? ಆ ಅರ್ಥ ಇದೆ ಅನ್ನುವವನು ಮಾರೇಶ್, ಹೌದು ಅನ್ನುವವರು ನೀವು. ಇಬ್ಬರೂ ಅಕ್ಕಪಕ್ಕದ ತಾಲೂಕಿನವರು. ಕಥೆ ಕಟ್ಟುತ್ತಿದ್ದೀರಿ ಅಂದುಕೊಂಡರೆ ಕ್ಯಾಪ್ಟನ್ನಿನ ಗತಿ ಇನ್ನೂ ಕೆಡುತ್ತದೆ, ನಮ್ಮ ಮಾನವೂ ಹೋಗುತ್ತದೆ,” ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ರೇಣುಕಾ, “ಹೋದರೆ ನನ್ನ ಮಾನ ಹೋಗಲಿ ಸರ್. ನನಗೆ ಮಾತಾಡಲು ಬಿಡಿ,” ಎಂದಳು. ಅವರು ಬಿಟ್ಟರು. ಅದಕ್ಕಾಗಿ ಅವರನ್ನು ಮೆಚ್ಚಬೇಕು.

ವಿಚಾರಣೆಯ ದಿನ ಒಂಬತ್ತೂ ಜನರನ್ನು ಸಾಲಾಗಿ ಕೂರಿಸಿದ್ದರು. ನ್ಯಾಯಾಧೀಶರು ಬಿಳಿ ಗಡ್ಡದ ಹಿರಿಯರು, ಮಾತಿಗೆ ಮುಂಚೆ ಒಮ್ಮೆ ಕಣ್ಣು ಮುಚ್ಚುವ ಅಭ್ಯಾಸದವರು. ನಮ್ಮ ದೇಶದ ಪರವಾಗಿ ಮಾತಾಡಲು ಅನುಮತಿ ಪಡೆದು ರೇಣುಕಾ ಎದ್ದು ನಿಂತಳು. ಶುದ್ಧ ಪಾರ್ಸಿಯಲ್ಲಿ ಶುರು ಮಾಡಿದಳು. ಮೊದಲು ತಕರಾರಿನ ಕಥೆ ಹೇಳಿದಳು: ನಿಮ್ಮಲ್ಲಿ ಮತ್ತೆ ಮತ್ತೆ ಹೇಳುವುದಕ್ಕೆ ತಕರಾರು ಅನ್ನುತ್ತೀರಿ, ನಮ್ಮೂರಿನ ಕಚೇರಿಯಲ್ಲಿ ಆ ಮಾತು ಬಂದರೆ ನಮ್ಮಪ್ಪನಂಥವರ ನಿದ್ದೆ ಹೋಗುತ್ತದೆ ಎಂದಳು. ನ್ಯಾಯಾಧೀಶರ ಗಡ್ಡದಲ್ಲಿ ಸಣ್ಣಗೆ ನಗು ಕಂಡಿತು. ಆಮೇಲೆ ಮಸ್ತಿಗೆ ಬಂದಳು.

“ಸ್ವಾಮಿ, ನಿಮ್ಮ ಮಾತುಗಳು ನೂರಾರು ವರ್ಷದ ಹಿಂದೆ ನಮ್ಮ ಕಡೆಗೆ ನಡೆದು ಬಂದವು. ಈ ಒಂದು ಮಾತು ದಾರಿಯಲ್ಲೇ ಎಲ್ಲೋ ಹೆಂಡವನ್ನು ಚೆಲ್ಲಿ, ಖುಷಿಯನ್ನು ಮಾತ್ರ ಹೊತ್ತುಕೊಂಡು ನಮ್ಮೂರು ಮುಟ್ಟಿತು. ಈ ಮನುಷ್ಯ ತನ್ನ ಒಡೆಯನನ್ನು ದೂರಲಿಲ್ಲ, ಹೊಗಳಿದ.”

ಬಂದರಿನ ವಕೀಲ ಎದ್ದು ತಕರಾರು ತೆಗೆದ, ನಮ್ಮ ಅರ್ಥದ ತಕರಾರು. ಇದು ಕವಿತೆಯೇ ಹೊರತು ಸಾಕ್ಷಿಯಲ್ಲ ಎಂದ. ನ್ಯಾಯಾಧೀಶರು ಕಣ್ಣು ಮುಚ್ಚಿ ತೆರೆದರು.

“ಮಗಳೇ, ನೀನು ವಿದುಷಿ. ವಿದ್ವಾಂಸರು ಒಂದು ಮಾತಿಗೆ ತಮಗೆ ಬೇಕಾದ ಅರ್ಥ ತರಬಲ್ಲರು. ವಿದ್ಯೆಯ ಗಂಧವಿಲ್ಲದವರು ಆ ಮಾತನ್ನು ತಾವಾಗಿ ಆಡುವುದನ್ನು ನಾನು ಕೇಳಬೇಕು,” ಎಂದರು.

“ಹಾಗಾದರೆ ನಮ್ಮವ್ವನಿಗೆ ಫೋನ್ ಮಾಡಲು ಅನುಮತಿ ಕೊಡಿ,” ಎಂದಳು ರೇಣುಕಾ. “ಅವಳಿಗೆ ಈ ವಿಷಯ ಏನೂ ಗೊತ್ತಿಲ್ಲ. ಏನು ಕೇಳಬೇಕೆಂದು ತಾವೇ ಹೇಳಿ. ಆ ಮಾತನ್ನು ನಾನು ಬಾಯಿಗೆ ತರುವುದಿಲ್ಲ. ಎಲ್ಲವನ್ನೂ ಧ್ವನಿಮುದ್ರಿಸಿ, ನಮ್ಮ ಭಾಷೆ ಬಲ್ಲ ಯಾರಿಂದಲಾದರೂ ಆಮೇಲೆ ಪರೀಕ್ಷಿಸಿ.”

ಬಾಯಿಂದ ಮಾತು ಹೊರಟ ಮೇಲೆ ಅವಳಿಗೆ ಅವ್ವನ ಸ್ವಭಾವ ನೆನಪಾಯಿತು. ದ್ಯಾಮಕ್ಕನ ಬಾಯಿ ಯಾರ ಅಂಕೆಯಲ್ಲೂ ಇಲ್ಲ. ಬೇಕೆಂದಾಗ ಬೇಕಾದ ಮಾತು ಆಡಿದ್ದು ಅವಳ ಜೀವಮಾನದಲ್ಲೇ ಇಲ್ಲ.

ನ್ಯಾಯಾಧೀಶರು ಒಪ್ಪಿದರು. ಫೋನು ಮೇಜಿನ ಮೇಲೆ ಕೂತಿತು, ಸ್ಪೀಕರ್ ಹಾಕಿದ್ದಾಯಿತು. ರಿಂಗಾಗಿ ರಿಂಗಾಗಿ ಕೊನೆಗೆ ದ್ಯಾಮಕ್ಕನ ಧ್ವನಿ, ಅದರ ಹಿಂದೆ ಕುರಿಗಳ ಧ್ವನಿ, ಆ ದೊಡ್ಡ ಕೋಣೆಯನ್ನು ತುಂಬಿತು.

“ಏನವ್ವ, ಇಷ್ಟೊತ್ತಿನಾಗ ಮಾಡಿದಿ? ಉಂಡಿಯೇನು?”

“ಉಂಡೀನವ್ವ.” ನ್ಯಾಯಾಧೀಶರು ಸಾಕುಪ್ರಾಣಿಗಳ ಬಗ್ಗೆ ಕೇಳು ಎಂದರು. “ಕುರಿ ಹೆಂಗದಾವವ್ವ?”

“ಅದಾವ ಬಿಡು. ಒಂದಕ್ಕ ಕಾಲು ಕುಂಟು. ನಿಮ್ಮಪ್ಪ ನನ್ನ ಮಾತು ಎಲ್ಲಿ ಕೇಳ್ತಾನ.”

ವಕೀಲ ತಲೆ ಎತ್ತಿದ. ನ್ಯಾಯಾಧೀಶರು ಮಳೆಯ ಬಗ್ಗೆ ಕೇಳಿಸಿದರು. “ಮಳಿ ಹೆಂಗಾತವ್ವ ಈ ಸಲ?”

“ಚಲೋ ಆತು. ಹೊಲ ಹಸರ ಆಗೇತಿ.”

ಚಲೋ. ಹಾಳು ಚಲೋ. ಸಾಲಿನಲ್ಲಿ ಕೂತ ಮಾರೇಶನಿಗೆ ಮಾತ್ರ ಈ ಮಾತುಕತೆ ಪೂರ್ತಿ ಅರ್ಥವಾಗುತ್ತಿತ್ತು. ಅವನ ಮುಖದಲ್ಲಿ ರಕ್ತವಿರಲಿಲ್ಲ. ಮಕ್ಕಳಿಗೆ ಪಾಠ ಕಲಿಸಿದಂತೆ ಅವ್ವನಿಗೆ ಒಂದು ಮಾತು ಮೊದಲೇ ಹೇಳಿಡಬಹುದಿತ್ತಲ್ಲ ಎಂದು ರೇಣುಕಾಗೆ ಒಂದು ಗಳಿಗೆ ಅನಿಸಿತು. ಹಾಗೆ ಮಾಡಲಿಲ್ಲವೆಂದೇ ಆಮೇಲೆ ಅವಳಿಗೆ ಸಮಾಧಾನ.

ನ್ಯಾಯಾಧೀಶರು ಗಡ್ಡ ಸವರಿಕೊಂಡರು. ಅವರೂ ಅಜ್ಜನಾದವರೇ ಇರಬೇಕು. “ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ಅವರ ಬಗ್ಗೆ ಕೇಳು,” ಎಂದರು.

ತಮ್ಮ ಕಾಂತೇಶನ ಹೆಂಡತಿ ಆ ವರ್ಷವೇ ಹೆತ್ತಿದ್ದಳು. “ಕೂಸು ಹೆಂಗೈತವ್ವ?” ಎಂದಳು ರೇಣುಕಾ.

ದ್ಯಾಮಕ್ಕನ ಧ್ವನಿಯೇ ಬದಲಾಯಿತು. “ಕೂಸಾ? ಮಸ್ತ್ ಐತವ್ವ. ಮಸ್ತ್ ಅಂದ್ರ ಮಸ್ತ್. ನಿನ್ನೆ ತಾನ ಬೋರಲ ಬಿತ್ತು. ಬಿದ್ದು ನಗ್ತೈತಿ ನೋಡು, ಮಸ್ತ್.”

ಕೋಣೆಯಲ್ಲಿದ್ದ ಪಾರ್ಸಿ ಕಿವಿಗಳೆಲ್ಲ ಒಮ್ಮೆಲೇ ನಿಮಿರಿದವು. ನ್ಯಾಯಾಧೀಶರು ಮುಂದಕ್ಕೆ ಬಾಗಿದರು. “ಯಾರ ಬಗ್ಗೆ ಹೇಳಿದ್ದು?”

“ನನ್ನ ತಮ್ಮನ ಕೂಸಿನ ಬಗ್ಗೆ.”

“ಅದಕ್ಕೆ ವಯಸ್ಸೆಷ್ಟು?”

“ನಾಲ್ಕು ತಿಂಗಳು.”

ನ್ಯಾಯಾಧೀಶರು ವಕೀಲನ ಕಡೆ ನೋಡಿದರು. ವಕೀಲ ಮೇಜಿನ ಕಡೆ ನೋಡಿದ. ಆಮೇಲೆ ಆ ಹಿರಿಯರು ಗಡ್ಡ ಅಲುಗುವಂತೆ ನಕ್ಕರು, ಅವರ ಹಿಂದೆ ಇಡೀ ಕೋಣೆ ನಕ್ಕಿತು. ನಗು ನಿಂತ ಮೇಲೆ ಅವರೇ ಫೋನಿನತ್ತ ಬಗ್ಗಿ ಪಾರ್ಸಿಯಲ್ಲಿ ಕೇಳಿದರು. ರೇಣುಕಾ ಕನ್ನಡ ಮಾಡಿದಳು, “ನೀ ಹೆಂಗದಿ ಅಂತ ಇಲ್ಲೊಬ್ಬ ಹಿರಿಯರು ಕೇಳಾಕತ್ಯಾರವ್ವ.”

“ನಾನಾ? ನಾನೂ ಮಸ್ತ್ ಅದೀನಿ ಅಂತ ಹೇಳು. ಯಾರವ್ವ ಅವ್ರು? ಉಂಡಾರಂತೇನು?”

ತೀರ್ಪು ಬರಲು ಕೆಲವು ದಿನ ಹಿಡಿಯಿತು. ಧ್ವನಿಮುದ್ರಣವನ್ನು ಬೇರೆಯವರಿಂದ ಪರೀಕ್ಷಿಸಿದರು, ಅಷ್ಟು ದಿನ ಯಾರೂ ಕಣ್ಣೆತ್ತಿ ನೋಡದ ಚುಕ್ಕಾಣಿಯ ವರದಿಯನ್ನು ತೆಗೆದು ಓದಿದರು. ಅದು ಸಿಕ್ಕಿಹಾಕಿಕೊಂಡದ್ದು ನಿಜವೇ ಆಗಿತ್ತು. ಮುರಿದ ದೋಣಿ, ಮುರಿದ ಕಾಲಿನ ಪರಿಹಾರ ಹಡಗಿನ ವಿಮೆಯ ಪಾಲಿಗೆ ಹೋಯಿತು. ಒಂಬತ್ತೂ ಜನ ಬಿಡುಗಡೆಯಾದರು. ನ್ಯಾಯಾಧೀಶರು ತೀರ್ಪಿನಲ್ಲಿ ತಾವೇ ಒಂದು ಸಾಲು ಸೇರಿಸಿದ್ದರು: ನೌಕರ ಮಾರೇಶ್ ಆಡಿದ ‘ಮಸ್ತ್’ ಎಂಬ ಮಾತನ್ನು ಕೂಡ್ಲಿಗಿ ಸೀಮೆಯ ಜನರ ಅರ್ಥದಲ್ಲಿ, ಅಂದರೆ ‘ಬಹಳ ಒಳ್ಳೆಯವನು, ಕ್ಷೇಮವಾಗಿದ್ದಾನೆ’ ಎಂದು ಓದತಕ್ಕದ್ದು.

ರೇಣುಕಾ ಅದನ್ನು ಓದಿ ಹಿಂದಿಯಲ್ಲೂ ಕನ್ನಡದಲ್ಲೂ ಹೇಳಿದಾಗ ಕ್ಯಾಪ್ಟನ್ ಎದ್ದು ಹೋಗಿ ಮಾರೇಶನ ಮುಂದೆ ನಿಂತ. ತಿಂಗಳುಗಳಿಂದ ಅವನ ಮುಖ ನೋಡದವನು ಈಗ ಅವನ ಎರಡೂ ಕೈ ಹಿಡಿದುಕೊಂಡ, ಏನು ಹೇಳಬೇಕೋ ತಿಳಿಯದೆ, “ಮಾರೇಶ್ ಮಸ್ತ್,” ಎಂದ. ಮಾರೇಶ್ ಅವನ ಎದೆಗೆ ಮುಖ ಒತ್ತಿ ಮಗುವಿನ ಹಾಗೆ ಅತ್ತ. ಉಳಿದ ಏಳು ಜನ ತಲೆ ತಗ್ಗಿಸಿಕೊಂಡು ಒಬ್ಬೊಬ್ಬರಾಗಿ ಬಂದು ಅವನ ಬೆನ್ನು ಮುಟ್ಟಿದರು. ಅಳು ಮುಗಿದ ಮೇಲೆ ಮಾರೇಶನಿಗೆ ಒಂದು ವಿಷಯ ಹೊಳೆಯಿತು.

“ಎಲ್ಲಾ ಚಲೋ ಆತು ಅಕ್ಕಾರ. ಆದ್ರ ಮಾತಾಡಿದವ ನಾನು, ಹಡಗಲಿ ತಾಲೂಕಿನವ. ಕೂಡ್ಲಿಗಿ ಅಂತ ಯಾಕ ಬರ್ದ್ರು?”

“ಸಾಕ್ಷಿ ಹೇಳಿದಾಕಿ ಕೂಡ್ಲಿಗಿ ತಾಲೂಕಿನಾಕಿ ತಮ್ಮ,” ಎಂದಳು ರೇಣುಕಾ.

ಮೇಲಧಿಕಾರಿ ಅವಳನ್ನು ಕರೆದು ಕೈ ಕುಲುಕಿದರು. ಅಂದಿನಿಂದ ಕಷ್ಟದ ಮಾತುಕತೆಗಳಿಗೆಲ್ಲ ಅವಳೇ. ಸ್ವಾಗತ ಭಾಷಣಕ್ಕೆ ಬೇರೆ ಯಾರನ್ನೋ ಹುಡುಕಿಕೊಂಡರು.

ಮುಂದಿನ ರಜೆಗೆ ಅವಳು ಊರಿಗೆ ಬಂದಳು. ಸುದ್ದಿ ಅವಳಿಗಿಂತ ಮೊದಲೇ ಬಂದು ಕಾನಹೊಸಹಳ್ಳಿಯ ಚಹಾದಂಗಡಿಯಲ್ಲಿ ಕೂತಿತ್ತು. ಅಲ್ಲಿನ ಹುಲುಗಣ್ಣ, ಅವಳ ಹೆಸರು ಹಿಡಿದು ಎಲ್ಲರಿಗಿಂತ ಜೋರಾಗಿ ನಕ್ಕವನು, ಚಹಾ ತಂದುಕೊಟ್ಟು, “ಪಾರ್ಸಿ ಅಂದ್ರ ಪಾರ್ಸಿನ ಬಿಡವ್ವ, ನಾ ಮೊದ್ಲ ಹೇಳಿದ್ದೆ,” ಎಂದ. ರೇಣುಕಾ ಆ ಸುಳ್ಳನ್ನು ಚಹಾದ ಜೊತೆ ಕುಡಿದಳು. ಹೊಳಲಿನಿಂದ ಮಾರೇಶ್ ಹೆಂಡತಿ ಮಗಳೊಂದಿಗೆ ಬಂದು, ಹಡಗಲಿಯ ಮಲ್ಲಿಗೆಯನ್ನು ದ್ಯಾಮಕ್ಕನ ಮುಡಿ ತುಂಬ ಮುಡಿಸಿ, ಕಾಲಿಗೆ ಬಿದ್ದು ಹೋದ. ತಾನು ಏನು ಮಾಡಿದೆನೆಂದು ದ್ಯಾಮಕ್ಕನಿಗೆ ಎಷ್ಟು ಹೇಳಿದರೂ ತಲೆಗೆ ಹತ್ತಲಿಲ್ಲ. “ಕೂಸು ಮಸ್ತ್ ಇತ್ತು, ಮಸ್ತ್ ಅಂದೆ. ಅದರಾಗ ಏನೈತಿ?” ಎಂದಳು.

ರೇಣುಕಾ ಕೊಟ್ಟೂರಿಗೆ ಹೋದದ್ದು ಒಬ್ಬಳೇ. ಹೊನ್ನೂರಸಾಬ್ ಮೇಷ್ಟ್ರಿಗೆ ಈಗ ಎದ್ದು ನಿಲ್ಲುವುದು ಕಷ್ಟ, ಆದರೂ ಅದೇ ಜಗುಲಿ, ಅದೇ ಲುಂಗಿಯ ಅಂಚು, ಅದೇ ಕನ್ನಡಕ. ಅವಳು ಅವರ ಪಾದ ಮುಟ್ಟಿ, ತೀರ್ಪಿನ ಆ ಪುಟವನ್ನು ಅವರ ಕೈಗಿಟ್ಟಳು. ಜೀವಮಾನವಿಡೀ ಪಾರ್ಸಿ ಓದಿದ ಆ ಮನುಷ್ಯ ಆ ದೇಶವನ್ನು ಎಂದೂ ನೋಡಿದವರಲ್ಲ. ಹಾಳೆಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಬಲದಿಂದ ಎಡಕ್ಕೆ ಬೆರಳು ಓಡಿಸುತ್ತ ಹೋದರು. ಬೆರಳು ಒಂದು ಕಡೆ ನಿಂತಿತು.

“ಕೂದ್ಲಿಗಿ ಅಂತ ಬರ್ದಾರಲ್ಲವ್ವ.”

“ಅವ್ರಿಗಿ ಡ ಇಲ್ಲಲ್ರಿ ಮೇಷ್ಟ್ರೆ.”

“ನಮ್ಮೂರನ್ನ ಕೂದಲು ಮಾಡಿಬಿಟ್ರು.” ಅವರು ನಕ್ಕರು, ನಗುತ್ತ ನಗುತ್ತ ಅವರ ಕಣ್ಣು ತುಂಬಿತು. “ಇಷ್ಟು ವರ್ಷ ಅಲ್ಲಿಂದ ಮಾತು ಬರ್ತಿದ್ವು, ನಾವು ಇಟ್ಕೊಂತಿದ್ವಿ. ಈಗ ನಮ್ಮ ಕಡೆಯಿಂದ ಒಂದು ಅರ್ಥ ಅಲ್ಲಿಗಿ ಹೋತು ನೋಡವ್ವ. ನಿಮ್ಮವ್ವ ಕಳಿಸಿದ್ದು, ನೀ ಮುಟ್ಟಿಸಿದಿ.”

ಡಾಕ್ಟರ್ ಆದಾಗ, ಪರೀಕ್ಷೆ ಗೆದ್ದಾಗ, ತೀರ್ಪು ಬಂದಾಗ ಕೂಡ ಆಗದಷ್ಟು ಹೆಮ್ಮೆ ರೇಣುಕಾಗೆ ಆ ಜಗುಲಿಯ ಮೇಲೆ ಆಯಿತು. ಮೇಷ್ಟ್ರು ಆ ಸಾಲನ್ನು ಗಟ್ಟಿಯಾಗಿ ಓದಿದರು. ಮತ್ತೆ ಓದಿದರು. ಓಣಿಯಲ್ಲಿ ಹೋಗುವವರನ್ನು ಕರೆದು ನಿಲ್ಲಿಸಿ, ಅವರಿಗೆ ಒಂದಕ್ಷರ ತಿಳಿಯದಿದ್ದರೂ ಇನ್ನೊಮ್ಮೆ ಓದಿದರು. ಅವರ ಉಸಿರು ಕಟ್ಟುತ್ತಿದ್ದುದನ್ನು ಕಂಡು ರೇಣುಕಾ, “ಸಾಕು ಬಿಡ್ರಿ ಮೇಷ್ಟ್ರೆ, ಸುಸ್ತಾಗ್ತೈತಿ,” ಎಂದಳು.

“ನೀ ತಕರಾರು ಮಾಡಬ್ಯಾಡ,” ಎಂದರು ಮೇಷ್ಟ್ರು. “ನಾ ತಕರಾರು ಮಾಡಾಕತ್ತೀನಿ. ನಿಂದು ನಮ್ಮೂರಿನದು, ನಂದು ಪಾರ್ಸಿದು.”

ಅಷ್ಟು ಹೇಳಿ, ಕನ್ನಡಕ ಒರೆಸಿಕೊಂಡು, ಅವರು ಮತ್ತೆ ಮೊದಲಿನಿಂದ ಓದತೊಡಗಿದರು.